ಶರಣಮ್ಮ ಅನ್ನ ಬಿಟ್ಟ ವರ್ಷ

ಶರಣಮ್ಮ ಉಪವಾಸ ಮಾಡಲಿಲ್ಲ. ನನ್ನ ಮೈದುನ ಮಲ್ಲಣ್ಣ ಯುದ್ಧದಿಂದ ಜೀವಂತ ಬಂದದ್ದಕ್ಕೂ ಅವಳ ಉಪವಾಸಕ್ಕೂ ಸಂಬಂಧವೇ ಇಲ್ಲ. ಇವಳಿಗೆ ವ್ರತ ಹಿಡಿಸಿದ ದಿನ ಅವನು ಆಗಲೇ ಎಲ್ಲಿಯೋ ಆಸ್ಪತ್ರೆಯ ಮಂಚದ ಮೇಲೆ ಜ್ವರದಲ್ಲಿ ಮಲಗಿದ್ದ. ನಡೆದದ್ದು ಇಷ್ಟೇ. ಉಳಿದದ್ದನ್ನೆಲ್ಲ ಮಣ್ಣೂರಿನ ಮಂದಿ ಕಟ್ಟಿದರು. ಕಟ್ಟಿದ್ದನ್ನು ಕೆಡವಿದವಳು ನಾನು. ಯಾಕೆ ಕೆಡವಿದೆ ಎಂದರೆ ಸತ್ಯದ ಮೇಲಿನ ಪ್ರೀತಿಯಿಂದಲ್ಲ, ಹೊಟ್ಟೆಕಿಚ್ಚಿನಿಂದ.

ಮೊನ್ನೆ ಆಳಂದದ ಬಸ್ ಸ್ಟ್ಯಾಂಡಿನಲ್ಲಿ ಅಫಜಲಪುರದ ಬಸ್ಸಿಗೆ ಕಾಯುತ್ತ ಕೂತಿದ್ದೆ. ಪಕ್ಕದ ಹೆಂಗಸು ಬುತ್ತಿಯ ಗಂಟು ಬಿಚ್ಚಿದಳು. ಕಟಕ ರೊಟ್ಟಿ. ಒಲೆಯ ಬದಿಗೆ ನಿಲ್ಲಿಸಿ ಒಣಗಿಸಿದ ಜೋಳದ ರೊಟ್ಟಿಗೆ ಒಂದು ವಾಸನೆ ಇರುತ್ತದೆ, ಸುಟ್ಟ ಹಿಟ್ಟಿನದು, ಹೊಗೆಯದು. ಅದು ಮೂಗಿಗೆ ಬಡಿಯಿತು. "ತೊಗೊಳ್ರಿ ಆಯೀ, ಒಂದು ತಿನ್ರಿ" ಅಂದಳು ಆಕೆ. ಬೇಡ ಅಂದೆ. ಎಪ್ಪತ್ತೊಂದರ ಚಳಿಗಾಲ ಅಲ್ಲಿಯೇ, ಆ ಕಲ್ಲಿನ ಬೆಂಚಿನ ಮೇಲೆ, ನನ್ನ ಪಕ್ಕ ಬಂದು ಕೂತಿತು.

ನಾನು ಮಣ್ಣೂರಿನ ಮನೆಗೆ ಹಿರಿಯ ಸೊಸೆಯಾಗಿ ಹೋದವಳು. ತವರು ಜೇವರ್ಗಿ ಕಡೆ. ನಾಲ್ಕನೆಯ ಇಯತ್ತೆ ಕಲಿತಿದ್ದೆ, ಆ ಮನೆಯ ಹೆಂಗಸರಲ್ಲಿ ಅಕ್ಷರ ಬರುತ್ತಿದ್ದದ್ದು ನನಗೊಬ್ಬಳಿಗೆ. ನಮ್ಮ ಮನೆಯವರು ಗಂಡನಾಗಿ ಕೆಟ್ಟವರಲ್ಲ, ಆದರೆ ಎತ್ತುಗಳ ಜೊತೆ ಆಡಿದಷ್ಟು ಮಾತು ನನ್ನ ಜೊತೆ ಆಡಿದವರಲ್ಲ. ಒಬ್ಬ ಮಗಳು ಕಾಶಿ, ಆಗ ಆರು ವರ್ಷದವಳು. ಅವಳ ಹಿಂದೆ ಎರಡು ಕೂಸು ನಿಲ್ಲಲಿಲ್ಲ. ನಾನು ಬಂದ ಮೂರು ವರ್ಷದ ಮೇಲೆ ಮಲ್ಲಣ್ಣನಿಗೆ ಶರಣಮ್ಮನನ್ನು ತಂದರು. ಕಪ್ಪು ಹುಡುಗಿ, ಕೋಲಿನಂಥ ಕೈಕಾಲು, ಮಾತು ಕಡಿಮೆ. ಚೆಲುವೆಯಾಗಿದ್ದರೆ ನನ್ನ ಹೊಟ್ಟೆಕಿಚ್ಚಿಗೆ ಒಂದು ಕಾರಣವಾದರೂ ಇರುತ್ತಿತ್ತು.

ಮಲ್ಲಣ್ಣ ಮಿಲಿಟರಿಯಲ್ಲಿದ್ದ. ತಿಂಗಳಿಗೊಂದು ಕಾಗದ ಬರೆಯುತ್ತಿದ್ದ. ಶರಣಮ್ಮನಿಗೆ ಓದಲು ಬಾರದು, ಆದ್ದರಿಂದ ಅವಳ ಗಂಡನ ಕಾಗದವನ್ನು ನಾನೇ ಓದಬೇಕು. ಅವ್ವನಿಗೆ ಶರಣು, ಅಣ್ಣನಿಗೆ ಶರಣು, ವೈನಿಗೆ ಶರಣು ಎಂದು ಮೂರು ಸಾಲು, ವೈನಿ ಎಂದರೆ ಅತ್ತಿಗೆ, ನಾನು. ನಾಲ್ಕನೆಯ ಸಾಲು ಯಾವಾಗಲೂ ಒಂದೇ: "ಶರಣೀ, ಉಂಡಿಯೇನು?" ಅವಳು ಸೆರಗು ಬಾಯಿಗೆ ಹಿಡಿದು ನಗುವಳು. ನನ್ನ ಬಾಯಿಯಿಂದ ಅವಳ ಗಂಡ ಅವಳ ಊಟ ವಿಚಾರಿಸುತ್ತಿದ್ದ. ನಾನು ಮುಂಜಾನೆಯಿಂದ ಮಧ್ಯಾಹ್ನದವರೆಗೆ ನಲವತ್ತು ರೊಟ್ಟಿ ಬಡಿದು ಕೂತಿರುತ್ತಿದ್ದೆ. ನೀನು ಉಂಡೆಯಾ ಎಂದು ನನ್ನನ್ನು ಆ ಮನೆಯಲ್ಲಿ ಗೋಡೆಯೂ ಕೇಳಿರಲಿಲ್ಲ.

ಆ ವರ್ಷ ದಸರೆಗೆ ರಜೆ ಮೇಲೆ ಬಂದ. ಎಂಟನೆಯ ದಿನವೇ ವಾಪಸ್ ಕರೆ ಬಂತು, ಹೋದ. ಆಮೇಲೆ ಯುದ್ಧ ಶುರುವಾಯಿತು ಎಂದರು. ನಮಗೆ ಯುದ್ಧವೆಂದರೆ ಗೌಡರ ಪಡಸಾಲೆಯ ರೇಡಿಯೋ. ಗಂಡಸರು ಅದರ ಸುತ್ತ ಕೂತು ಬೀಡಿ ಸೇದುತ್ತಿದ್ದರು. ಹೊಲದಲ್ಲಿ ಬಿಳಿಜೋಳ ಎದೆಮಟ್ಟ ನಿಂತಿತ್ತು, ಹೊಳೆಯ ಮೇಲಿನಿಂದ ಕೊರೆಯುವ ಗಾಳಿ ಬರುತ್ತಿತ್ತು. ಯುದ್ಧ ನಿಂತಿತೆಂದು ರೇಡಿಯೋ ಹೇಳಿದ್ದೂ ಎಳ್ಳಮಾವಾಸ್ಯೆಯೂ ಒಂದರ ಹಿಂದೆ ಒಂದು ಬಂದವು. ಹೊಲಕ್ಕೆ ಹೋಗಿ ಬೆಳೆಗೆ ಎಡೆಯ ಚರಗ ಚೆಲ್ಲಿ, ಕಾಳುಪಲ್ಯದ ಭಜ್ಜಿ, ಸಜ್ಜೆ ರೊಟ್ಟಿ ಉಂಡು ಬಂದೆವು. ನಾಲ್ಕು ದಿನಕ್ಕೆ ತಾರು, ಮಿಲಿಟರಿಯ ತಂತಿ, ಬಂತು. ಮಲ್ಲಣ್ಣನ ಪತ್ತೆ ಇಲ್ಲ.

ಸತ್ತ ಎಂದಿರಲಿಲ್ಲ. ಪತ್ತೆ ಇಲ್ಲ ಎಂದಿತ್ತು. ಅತ್ತೆ ಅಳಲಿಲ್ಲ. ಶರಣಮ್ಮನ ರಟ್ಟೆ ಹಿಡಿದು ಮಠಕ್ಕೆ ಎಳೆದುಕೊಂಡು ಹೋದಳು. ಗದ್ದುಗೆಯ ಮುಂದೆ, ಊರ ಹೆಂಗಸರ ಎದುರಿಗೆ ಜೋರಾಗಿ ಹೇಳಿದಳು: "ನನ್ನ ಮಗ ಬಾಗಿಲಕ ಬರೂತನ ಈಕಿ ಅನ್ನ ಮುಟ್ಟಂಗಿಲ್ಲ. ಸಂಜಿಗಿ ಒಂದು ಬಟ್ಟಲ ಹಾಲು, ಅಷ್ಟ."

ಮಠದ ಅಯ್ಯನವರು ವಯಸ್ಸಾದವರು. "ಯಾಕವ್ವ ಇದೆಲ್ಲ?" ಅಂದರು. "ಕೊರಳಾಗ ಲಿಂಗ ಅದ. ಪೂಜಿ ಮಾಡ್ಲಿ, ಉಣ್ಲಿ, ದುಡೀಲಿ. ಹೊಟ್ಟಿ ಒಣಗಿಸಿ ದೇವರಿಗಿ ಏನಾಗಬೇಕಾಗ್ಯಾದ?"

"ನಿಮಗ ಮಕ್ಕಳಿಲ್ರಿ ಅಯ್ಯಾ, ನಿಮಗ ತಿಳಿಯಂಗಿಲ್ಲ" ಅಂದಳು ಅತ್ತೆ. ಶರಣಮ್ಮ ತಲೆ ತಗ್ಗಿಸಿ ನಿಂತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ.

ಹದಿನೈದು ದಿನದಲ್ಲಿ ಅವಳು ಊರಿಗೆ ದೊಡ್ಡ ಶರಣೆಯಾದಳು. ಹೆಂಗಸರು ಕಾಯಿ ಹಿಡಿದು ಬರತೊಡಗಿದರು. ಮಗನ ಜ್ವರ ಹೇಳುವವರು, ಎಮ್ಮೆ ಗಬ್ಬ ನಿಲ್ಲದ್ದು ಹೇಳುವವರು. ಶರಣಮ್ಮ ಏನೂ ಹೇಳುತ್ತಿರಲಿಲ್ಲ, ಒಂದು ಚಿಟಿಕೆ ವಿಭೂತಿ ಕೊಡುತ್ತಿದ್ದಳು. "ನೋಡ್ರಿ, ಮಾತ ಬಿಟ್ಟಾಳ" ಎಂದು ಅವರು ಅದನ್ನೂ ಹೊಗಳುವರು. ಅತ್ತೆ ಅವಳಿಗೆ ಕಸ ಹೊಡೆಯುವುದು ಬಿಡಿಸಿದಳು, ನೀರು ತರುವುದು ಬಿಡಿಸಿದಳು. ಅರಿವೆ ಒಗೆಯುವುದೊಂದು ಬಿಟ್ಟು ಎಲ್ಲ ನನ್ನ ತಲೆಗೆ ಬಂತು. ನಮ್ಮ ಮನೆಯವರು ಸಹ ಅವಳು ಅಂಗಳ ದಾಟುವಾಗ ಎದ್ದು ನಿಲ್ಲುತ್ತಿದ್ದರು. ನನ್ನ ಕಾಶಿಯಂತೂ ಅವಳ ಸೆರಗು ಬಿಡಲಿಲ್ಲ. ಒಂದು ದಿನ ನಾನು ಹಿಟ್ಟು ನಾದುತ್ತಿದ್ದಾಗ ಬಂದು ಕೇಳಿತು: "ಅವ್ವಾ, ಕಾಕಿ ಉಪಾಸ ಮಾಡ್ತಾಳ. ನೀ ಯಾಕ ದಿನಾ ಉಣ್ತಿ?"

ಸುಗ್ಗಿ ಹತ್ತಿರ ಬಂದಿತ್ತು. ಆಳುಗಳಿಗೆಂದು ಕಟಕ ರೊಟ್ಟಿ ಮಾಡಿ ಮಾಡಿ ಬುಟ್ಟಿಗೆ ಒಟ್ಟುತ್ತಿದ್ದೆ. ನನ್ನ ಒಟ್ಟುವ ಪದ್ಧತಿ ಬೇರೆ. ಸುಟ್ಟ ಕಲೆಯ ಮುಖ ಕೆಳಗೆ ಬರಬೇಕು. ಒಂದು ದಿನ ಬಟ್ಟೆ ತೆಗೆದು ನೋಡುತ್ತೇನೆ, ಮೇಲಿನ ರೊಟ್ಟಿಯ ಕಲೆ ಆಕಾಶ ನೋಡುತ್ತಿದೆ. ಮರುದಿನವೂ ಹಾಗೆಯೇ. ಇಲಿ ರೊಟ್ಟಿ ಕಡಿಯುತ್ತದೆ, ಮಗುಚಿ ಹಾಕುವುದಿಲ್ಲ.

ಮೂರನೆಯ ದಿನ ಅತ್ತೆ ಮಠಕ್ಕೆ ಹೋದ ಮೇಲೆ ನಾನು ಹೊಳೆಗೆ ಹೋಗುವ ಹಾಗೆ ಮಾಡಿ ಹಿತ್ತಲಿನಿಂದ ತಿರುಗಿ ಬಂದೆ. ಹಳೆಯ ಜೋಳದ ಕಣಿಕೆಯ ಬಣವೆಯ ಮರೆಯಲ್ಲಿ ಶರಣಮ್ಮ ಕುಕ್ಕರಗಾಲಲ್ಲಿ ಕೂತಿದ್ದಳು. ಮುಂದೆ ಚರಿಗೆಯ ನೀರು. ಕಟಕ ರೊಟ್ಟಿ ಕಡಿದರೆ ನಾಲ್ಕು ಮನೆಗೆ ಕೇಳಿಸುತ್ತದೆ, ಅದಕ್ಕೇ ಅದನ್ನು ಚೂರು ಚೂರು ಮುರಿದು ನೀರಿನಲ್ಲಿ ನೆನೆಸಿ, ಸಪ್ಪಳವಿಲ್ಲದೆ ನುಂಗುತ್ತಿದ್ದಳು. ಉಪ್ಪಿಲ್ಲ, ನಂಚಿಕೊಳ್ಳಲು ಹಿಂಡಿಯಿಲ್ಲ. ನನ್ನನ್ನು ಕಂಡು ಬಾಯಿಯೊಳಗಿನದನ್ನು ಉಗುಳಲೂ ಇಲ್ಲ, ನುಂಗಲೂ ಇಲ್ಲ.

"ನಾಚ್ಕಿ ಬರಂಗಿಲ್ಲೇನ ಬೇ ನಿನಗ?" ಅಂದೆ. "ಊರ ಮಂದಿ ಬಂದು ನಿನ್ನ ಕಾಲ ಬೀಳ್ತಾರ."

ನುಂಗಿದಳು. "ಬೀಳ್ರಿ ಅಂತ ನಾ ಕರದೇನೇನಕ್ಕಾ?"

"ಉಣ್ತೇನಿ ಅಂತ ಅತ್ತಿಗಿ ಹೇಳು ಹಂಗಾರ."

"ಹೇಳಿದ್ ಮ್ಯಾಲ ನಾಳಿ ಕೆಟ್ಟ ಸುದ್ದಿ ಬಂತಂದ್ರ? ಗಂಡನ್ನ ತಿಂದಾಕಿ ಅಂತಾರ. ರೊಟ್ಟಿ ತಿಂದಾಕಿ ಅನ್ನಂಗಿಲ್ಲ." ಆಮೇಲೆ ಚರಿಗೆಯೊಳಗೆ ನೋಡುತ್ತ ಅಂದಳು: "ಹೊಟ್ಯಾಗ ಕೂಸದಕ್ಕಾ. ದಸರಾದ್ದು. ನಾ ಬಿಟ್ರ ಅದೂ ಬಿಡ್ತದ."

ನಾನು ಅವಳ ಹೊಟ್ಟೆ ನೋಡಿದೆ. ಏನೂ ಕಾಣುತ್ತಿರಲಿಲ್ಲ. ಎಂಟು ದಿನ ಇದ್ದು ಹೋದ ಗಂಡ ಕೊಟ್ಟು ಹೋಗಿದ್ದ. ನನ್ನ ಗಂಡ ಮುನ್ನೂರ ಅರವತ್ತು ದಿನ ಮನೆಯಲ್ಲೇ ಇರುತ್ತಿದ್ದ.

"ಯಾರಿಗೂ ಹೇಳಂಗಿಲ್ಲ ಹೋಗು" ಅಂದೆ.

ಹೇಳಲೂ ಇಲ್ಲ. ಮರುದಿನ ರೊಟ್ಟಿಯ ಬುಟ್ಟಿಯನ್ನು ನನ್ನ ಕೋಣೆಯ ಸಂದೂಕಿನಲ್ಲಿ ಇಟ್ಟು ಬೀಗ ಹಾಕಿದೆ. ಅತ್ತೆಗೆ ಇಲಿ ಹೆಚ್ಚಾಗಿವೆ ಅಂದೆ. "ಛಲೋ ಮಾಡ್ದಿ" ಅಂದಳು. ಶರಣಮ್ಮ ಬಾಗಿಲಲ್ಲಿ ನಿಂತು ಬೀಗ ನೋಡಿದಳು, ನನ್ನನ್ನು ನೋಡಿದಳು. ಇಷ್ಟು ವರ್ಷ ನಾನು ಈ ಬೀಗದ ಮಾತು ಯಾರಿಗೂ ಹೇಳಿಲ್ಲ. ನೀನು ನಿಜವಾಗಿಯೂ ಉಪವಾಸವಿದ್ದು ತೋರಿಸು ಎಂಬುದು ನನ್ನ ಮನಸ್ಸಿನಲ್ಲಿತ್ತು. ಕೂಸಿನ ನೆನಪಿರಲಿಲ್ಲವೇ ಎಂದರೆ, ಇತ್ತು.

ಮೂರನೆಯ ದಿನ ಭೀಮಾ ಹೊಳೆಯ ದಡದಲ್ಲಿ ಅರಿವೆ ಸೆಳೆಯುತ್ತ ಶರಣಮ್ಮ ಮುಖ ಅಡಿಯಾಗಿ ನೀರಿಗೆ ಬಿದ್ದಳು. ಮೊಣಕಾಲುದ್ದ ನೀರು. ಎತ್ತಿ ಮರಳಿನ ಮೇಲೆ ಮಲಗಿಸಿದರು. ಹಲ್ಲು ಕಚ್ಚಿತ್ತು, ಕಣ್ಣು ಮೇಲೆ ಹೋಗಿತ್ತು. "ದೇವರು ಮೈಮ್ಯಾಲ ಬಂತು" ಎಂದು ಒಬ್ಬಳು ಕೂಗಿದಳು. ಅಷ್ಟೇ, ಎಲ್ಲರೂ ಕೈ ಮುಗಿದರು. ಒಬ್ಬಳೂ ಬಾಯಿಗೆ ಬೆಲ್ಲ ಹಾಕಲಿಲ್ಲ. ನಾನು ಒಗೆದ ಸೀರೆಯನ್ನು ಹಿಂಡುತ್ತಲೇ ಇದ್ದೆ, ಹಿಂಡುತ್ತಲೇ ಇದ್ದೆ, ಅದರಲ್ಲಿ ನೀರು ಉಳಿದಿರಲಿಲ್ಲ.

ಆ ಸಂಜೆ ಬೀಗ ತೆಗೆದೆ. ಕರುಣೆಯಿಂದಲ್ಲ, ಹೆದರಿ ತೆಗೆದೆ. ಕೂಸು ಹೋದರೆ ನನ್ನ ಎರಡರ ಜೊತೆ ಅದೂ ನನ್ನ ಲೆಕ್ಕಕ್ಕೇ ಬರುತ್ತಿತ್ತು. ಬುಟ್ಟಿಯನ್ನು ಮೊದಲಿನ ಜಾಗದಲ್ಲಿ ಇಟ್ಟು, ಪಕ್ಕದಲ್ಲಿ ಶೇಂಗಾ ಹಿಂಡಿಯ ಡಬ್ಬಿ ಮರೆತವಳ ಹಾಗೆ ಬಿಟ್ಟೆ. ಮರುದಿನ ರೊಟ್ಟಿ ಮಗುಚಿತ್ತು. ಹಿಂಡಿ ಮುಟ್ಟಿರಲಿಲ್ಲ.

ಅದರ ಬೆನ್ನಿಗೇ ಪುಣೆಯ ಮಿಲಿಟರಿ ಆಸ್ಪತ್ರೆಯಿಂದ ಕಾರ್ಡು ಬಂತು. ಟಪಾಲಿನವನು ಓಡುತ್ತಲೇ ಬಂದ. ಅಂಗಳದ ತುಂಬ ಮಂದಿ, ನಡುವೆ ನಾನು, ಕೈಯಲ್ಲಿ ಕಾರ್ಡು. ಕಾಲಿಗೆ ಗುಂಡು ಬಿದ್ದಿತ್ತು, ಅಲ್ಲಿಯ ಹಳ್ಳಿಯವರು ಬಂಡಿಯಲ್ಲಿ ಹಾಕಿಕೊಂಡು ಬೇರೆ ಕಡೆಯ ಆಸ್ಪತ್ರೆಗೆ ಸೇರಿಸಿದರು, ಬಹಳ ದಿನ ಜ್ವರದಲ್ಲಿ ಎಚ್ಚರವಿರಲಿಲ್ಲ, ಈಗ ಆರಾಮ ಇದ್ದೇನೆ. ಓದಿದೆ. ಕೊನೆಗೆ ಓರೆಯಾಗಿ ಒಂದು ಸಾಲಿತ್ತು: "ಶರಣೀ, ಉಂಡಿಯೇನು?" ಅದನ್ನು ಓದಲಿಲ್ಲ. "ಮತ್ತೇನಿಲ್ಲೇನಕ್ಕಾ?" ಎಂದು ಶರಣಮ್ಮ ಕೇಳಿದಳು. "ಇಲ್ಲ" ಅಂದೆ.

ಅತ್ತೆ ವ್ರತ ಬಿಡಿಸಲಿಲ್ಲ. ಮಗನ ಮುಖ ನೋಡುವ ತನಕ ಎಂದು ಬೇಡಿಕೊಂಡಿದ್ದೇನೆ ಅಂದಳು. ಅಷ್ಟರಲ್ಲಿ ಶರಣಮ್ಮನ ಹೊಟ್ಟೆ ಕಾಣತೊಡಗಿತು. ಈಗಲಾದರೂ ಊರಿಗೆ ಬುದ್ಧಿ ಬರುತ್ತದೆ ಅಂದುಕೊಂಡೆ. ಬರೀ ಹಾಲಿನ ಮೇಲೆ ಅಂಥ ಹೊಟ್ಟೆ ಬರುವುದೆಂದರೇನು? ಬಾಣಂತನ ಮಾಡಿಸುವ ಮುದುಕಿಯೇ ಬಂದು ಮುಟ್ಟಿ ನೋಡಿ, "ಹಾಲ ಕುಡದು ಕೂಸ ಬೆಳಸ್ಯಾಳ, ಶರಣಿ ಅಂದ್ರ ಹಿಂಗಿರಬೇಕು ನೋಡ್ರಿ" ಎಂದು ಕೆನ್ನೆ ಬಡಿದುಕೊಂಡಳು. ಬರುವ ತೆಂಗಿನಕಾಯಿ ಇಮ್ಮಡಿಯಾದವು.

ಜೋಳ ಕೊಯ್ದು, ರಾಶಿ ಮುಗಿದ ಮೇಲೆ ಮಲ್ಲಣ್ಣ ಬಂದ. ಎಡಗಾಲು ಮಡಚುತ್ತಿರಲಿಲ್ಲ, ಬಗಲಲ್ಲಿ ಕೋಲು. ಬಸ್ಸಿನಿಂದ ಇಳಿಸಿ ಸೀದಾ ಮಠಕ್ಕೆ ಕರೆದೊಯ್ದರು. ಅಲ್ಲಿ ಆಗಲೇ ಊರೆಲ್ಲ ಸೇರಿತ್ತು, ದಾಸೋಹಕ್ಕೆ ಹುಗ್ಗಿ ಬೇಯುತ್ತಿತ್ತು. ಶರಣಮ್ಮನಿಗೆ ಉಡಿ ತುಂಬಲು ಹಸಿರು ಇಳಕಲ್ ಸೀರೆ ತಂದು ತಟ್ಟೆಯಲ್ಲಿಟ್ಟಿದ್ದರು. ಅಂಥ ಸೀರೆ ನನ್ನ ಮದುವೆಗೂ ತಂದಿರಲಿಲ್ಲ. ಮೊದಲು ಹೆಂಡತಿಯ ಮುಖ ನೋಡಲು ಬಿಡಲಿಲ್ಲ ಅವನಿಗೆ. ಹೆಂಗಸರ ಸಾಲಿನಲ್ಲಿ ಅವಳು, ಗಂಡಸರ ನಡುವೆ ಅವನು.

"ಹೇಳೋ ಮಲ್ಲಣ್ಣ, ಹ್ಯಾಂಗ ಉಳದಿ?" ಎಂದು ಗೌಡರು ಕೇಳಿದರು.

ಅವನು ಹೇಳಿದ. ಕಬ್ಬಿನ ಹೊಲದಲ್ಲಿ ಮೂವರು ಸಿಕ್ಕಿಬಿದ್ದದ್ದು, ಇಬ್ಬರು ಸತ್ತದ್ದು, ತನ್ನ ಕಾಲಿಗೆ ಗುಂಡು ಬಿದ್ದದ್ದು, ಮೂರು ದಿನ ಅಲ್ಲೇ ಮಲಗಿದ್ದು. ಹೇಳುವಾಗ ನೆಲ ನೋಡುತ್ತಿದ್ದ.

"ಆ ಹೊತ್ತಿನ್ಯಾಗ ನಿನಗ ಏನರ ಕಾಣಸ್ತೇನು? ಬೆಳಕು, ಗಿಳಕು?"

"ಕಬ್ಬಿನ ಗರಿ ಕಂಡ್ವು ಗೌಡ್ರ."

ಹುಡುಗರು ನಕ್ಕರು. ಗೌಡರು ಬಿಡಲಿಲ್ಲ. "ನಿನಗ ಕಾಣ್ಲಿಲ್ಲಂದ್ರೂ ಇಲ್ಲಿ ನಿನ್ನ ಹೆಂಡ್ತಿ ಅನ್ನ ಬಿಟ್ಟು ನಿನ್ನ ಜೀವ ಹಿಡದಿದ್ಲು ತಮ್ಮಾ."

ಅತ್ತೆ ಎದ್ದು ಸೀರೆಯ ತಟ್ಟೆ ಎತ್ತಿಕೊಂಡಳು. ಕಾಶಿ ಓಡಿಹೋಗಿ ಶರಣಮ್ಮನ ತೊಡೆಯ ಮೇಲೆ ಕೂತು ಅವಳ ಮುಡಿಯ ಹೂ ಸರಿಮಾಡಿತು. ಅದನ್ನು ನೋಡಿದೆ. ಕಾಲು ತಾನೇ ಎದ್ದು ನಿಂತಿತು.

"ಆಕಿ ಉಪಾಸ ಮಾಡಿಲ್ಲ" ಅಂದೆ. "ದಿನಾ ಬಣವಿ ಹಿಂದ ಕುಂತು ರೊಟ್ಟಿ ತಿಂದಾಳ. ನಾ ಕಣ್ಣೀಲೆ ನೋಡೇನಿ."

ನಂಬಿದವರು ಯಾರೂ ಇರಲಿಲ್ಲ. "ಹೊಟ್ಟಿಕಿಚ್ಚಿನಾಕಿ, ಬಾಯಿಗಿ ಹುಳ ಬೀಳ್ತಾವ" ಎಂದು ಹಿಂದಿನಿಂದ ಯಾರೋ ಅಂದರು. ನಮ್ಮ ಮನೆಯವರು "ಏ, ಕೂಡಬೇ ಕೆಳಗ" ಎಂದು ಗದರಿದರು. ಶರಣಮ್ಮ ಸುಮ್ಮನಿದ್ದರೆ ಸಾಕಿತ್ತು. ನಾನು ಸುಳ್ಳುಗಾತಿಯಾಗಿ ಅಲ್ಲೇ ಮುಗಿದುಹೋಗುತ್ತಿದ್ದೆ.

ಅವಳು ಕಾಶಿಯನ್ನು ತೊಡೆಯಿಂದ ಇಳಿಸಿ ಎದ್ದಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. ಅವಳ ದನಿ ಅಷ್ಟು ಮಂದಿಯ ನಡುವೆ ನಾನು ಕೇಳಿದ್ದು ಅದೇ ಮೊದಲು.

"ಅಕ್ಕ ಖರೇನ ಹೇಳ್ತಾಳ್ರಿ. ಉಂಡೇನಿ. ದಿನಾ ಎರಡ ರೊಟ್ಟಿ. ಮೂರ ದಿನ ಅಷ್ಟ ಉಂಡಿಲ್ಲ. ಆ ಮೂರ ದಿನದ ಮ್ಯಾಲ ಹೊಳ್ಯಾಗ ಬಿದ್ದೆ. ಅದು ದೇವರಲ್ರಿ, ಹಸಿವಿ."

ಆ ಮೂರು ದಿನ ಯಾಕೆ ಉಣ್ಣಲಿಲ್ಲ ಎಂದು ಅತ್ತೆ ಕೇಳಿದಳು. ಶರಣಮ್ಮ ನನ್ನ ಕಡೆ ತಿರುಗಲೂ ಇಲ್ಲ. "ಸಿಗಲಿಲ್ಲ" ಅಂದಳು.

ಕೇಳಿ: ಅವತ್ತು ನನಗೆ ಅವಳ ಮೇಲೆ ಇದ್ದ ಹೊಟ್ಟೆಕಿಚ್ಚು ಕಡಿಮೆಯಾಗಲಿಲ್ಲ. ಹೆಚ್ಚಾಯಿತು. ಅವಳು ಬೀಗದ ಮಾತು ಎತ್ತಿದ್ದರೆ ಇಬ್ಬರೂ ಸಮ ಆಗುತ್ತಿದ್ದೆವು. ಆ ಒಂದು ಅವಕಾಶವನ್ನೂ ಅವಳು ನನಗೆ ಕೊಡಲಿಲ್ಲ.

ಅತ್ತೆ ತಟ್ಟೆ ಕೆಳಗಿಟ್ಟಳು. "ದೇವರಿಗಿ ಮೋಸ ಮಾಡ್ದಿ. ನನ್ನ ಮಗ ಉಳದದ್ದು ನಿನ್ನ ದೆಸಿಯಿಂದಲ್ಲ" ಅಂದಳು. ಆಗ ಮಲ್ಲಣ್ಣ ಕೋಲು ಊರಿ ಎದ್ದ.

"ನಾನೂ ಉಂಡೇನಿ ಅವ್ವಾ. ಅದನ್ನ ಹೇಳಿರಲಿಲ್ಲ. ಬಾಜೂಕ ಮಲಗಿದವ ಸೋಲಾಪುರ ಕಡಿಯಾವ, ನನ್ನ ಜೊತಿಗಾರ. ಎರಡ ವರ್ಷ ಒಂದ ಡೇರೆದಾಗ ಇದ್ದವ್ರು. ಅವನ ಚೀಲದಾಗ ಮಿಲಿಟರಿಯವ್ರು ಕೊಟ್ಟ ಶಂಕರಪಾಳಿ ಇದ್ವು. ತಗದು ತಿಂದೆ. ಅಂವಾ ಪೂರಾ ಸತ್ತಾನೋ, ಇನ್ನಾ ಉಸರ ಅದನೋ ನೋಡಿ ತಿನ್ನಬೇಕಾಗಿತ್ತು. ನಾ ನೋಡ್ಲಿಲ್ಲ. ತಿಂದ ಮ್ಯಾಲ ನೋಡ್ದೆ." ಬಗಲಿನ ಕೋಲು ಸರಿಮಾಡಿಕೊಂಡ. "ನನಗ ದೇವರ ಹೆಸರ ಸುದ್ದಾ ನೆಪ್ಪ ಬರ್ಲಿಲ್ಲ. ಧೈರ್ಯಾನೂ ಇರ್ಲಿಲ್ಲ. ಹಸಿವಿ ಇತ್ತು."

ಗೌಡರು ಕೆಮ್ಮಿದರು. ಎಲ್ಲರೂ ಅಯ್ಯನವರ ಕಡೆ ನೋಡಿದರು. ಅವರು ಕೈಯಲ್ಲಿದ್ದ ವಿಭೂತಿಯ ಗಟ್ಟಿಯನ್ನು ಕೆಳಗಿಟ್ಟರು. ಆಮೇಲೆ, "ಹುಗ್ಗಿ ಸೀದೀತು. ಬಡಸ್ರಿ" ಎಂದಷ್ಟೇ ಅಂದರು.

ಪಂಕ್ತಿ ಹಾಕಿದರು. ಕಾಲು ಮಡಚಲು ಬಾರದ ಮಲ್ಲಣ್ಣ ಕಂಬಕ್ಕೆ ಒರಗಿ ಕಾಲು ಚಾಚಿ ಕೂತ. ನಾನು ಅವನ ತಾಟಿಗೆ ಹುಗ್ಗಿ ಬಡಿಸಿ ತುಪ್ಪ ಹಾಕಿದೆ. ಅವನು ಕೈ ಹಾಕಲಿಲ್ಲ. ಹೆಂಗಸರ ಕಡೆ ನೋಡಿ, "ಶರಣೀ, ಬಾ. ಕೂಡಿಲ್ಲಿ" ಎಂದು ಕರೆದ. ಊರ ಮುಂದೆ ಹೆಂಡತಿಯನ್ನು ಹೆಸರು ಹಿಡಿದು ಕರೆದದ್ದು ಸಾಲದು ಎಂದು ತಾಟನ್ನು ಅವಳ ಕಡೆ ಸರಿಸಿದ. ಅವಳು ಬಂದಳು. ಕೂತಳು. ಒಂದೇ ತಾಟಿನಲ್ಲಿ, ಇವನು ಈ ಕಡೆಯಿಂದ, ಅವಳು ಆ ಕಡೆಯಿಂದ. ನಮ್ಮ ಕಡೆ ಗಂಡ ಉಂಡೆದ್ದ ಮೇಲೆ ಹೆಂಡತಿ ಉಣ್ಣಬೇಕು, ಅದೂ ಒಲೆಯ ಮುಂದೆ. ಮಠದಲ್ಲಿ, ಇನ್ನೂರು ಮಂದಿಯ ಎದುರು, ಅವರಿಬ್ಬರೂ ಉಂಡರು. ಅತ್ತೆ ಸೆರಗು ಮುಖಕ್ಕೆ ಎಳೆದುಕೊಂಡು ಮನೆಗೆ ಹೋಗಿಬಿಟ್ಟಳು. ನಾನು ತುಪ್ಪದ ಗಿಂಡಿ ಹಿಡಿದು ನಿಂತೇ ಇದ್ದೆ. ಪಂಕ್ತಿಯ ತುದಿಯಿಂದ ನಮ್ಮ ಮನೆಯವರು, "ಏ, ತುಪ್ಪ ತಾ ಬೇ ಇತ್ಲಾಗ" ಎಂದು ಕೂಗಿದರು.

ಮರುದಿನ ಮುಂಜಾನೆ ಒಲೆ ಹಚ್ಚಿ ಕಡಲೆಹಿಟ್ಟಿನ ಜುಣಕ ಮಾಡಿದೆ. ನಮ್ಮ ಮನೆಯವರು ಪೂಜೆ ಮುಗಿಸಿ ಪಡಸಾಲೆಯಲ್ಲಿ ಮಣೆಯ ಮೇಲೆ ಕೂತರು. ಅವರ ತಾಟು ಇಟ್ಟೆ. ಒಳಗೆ ಹೋಗಿ ಇನ್ನೊಂದು ತಾಟು ತಂದು ಅವರ ಎದುರಿಗೆ ಇಟ್ಟು ಕೂತೆ.

"ಏನಿದು?" ಅಂದರು.

"ನನಗೂ ಹಸಿವಾಗ್ಯಾದ."

ಬಾಗಿಲ ಕಡೆ ನೋಡಿದರು, ಯಾರಾದರೂ ಬರುತ್ತಾರೋ ಎಂದು. ಆಮೇಲೆ ತಮ್ಮ ತಾಟು ಎತ್ತಿಕೊಂಡು ಗೋಡೆಯ ಕಡೆ ತಿರುಗಿ ಕೂತು ಉಣ್ಣತೊಡಗಿದರು. ನಾನು ಏಳಲಿಲ್ಲ. ಅವರ ಬೆನ್ನು ನೋಡುತ್ತ ಹೊಟ್ಟೆ ತುಂಬ ಉಂಡೆ.